ನಾಲ್ಕು ಸೆಕೆಂಡಿನ ಹೊಲ

ಇಪ್ಪತ್ತೊಂಬತ್ತು ವರ್ಷ
ಲಿಸ್ಬನ್ನಿನಿಂದ ಸಿಂತ್ರಾಕ್ಕೆ ರೈಲು ಓಡಿಸಿದವನು ನಾನು.
ದಮಾಯ ನಿಲ್ದಾಣ ದಾಟಿದ ಮೇಲೆ ಎಡಕ್ಕೊಂದು ಇಳಿಜಾರು,
ಸರಿಯಾಗಿ ನಾಲ್ಕು ಸೆಕೆಂಡು.
ಒಂದು ದಿನ ಬರಿ ಮಣ್ಣು, ಒಂದು ದಿನ ಹಸಿರು ಗೀಟು,
ಒಂದು ದಿನ ಆಳೆತ್ತರದ ಮುಸುಕಿನ ಜೋಳ,
ಇನ್ನೊಂದು ದಿನ ಕೂಳೆ.
ನಡುವಿನದೆಲ್ಲ
ಬೇರೆ ಯಾರದೋ ಪಾಳಿಯಲ್ಲಿ ನಡೆಯುತ್ತಿತ್ತು.

ನಿವೃತ್ತಿಯ ಮರು ಸೋಮವಾರ ನಡೆದೇ ಹೋದೆ.
ಬೇಲಿಯೆಂದರೆ ಮಂಚದ ಕಂಬಿ, ಫ್ರಿಜ್ಜಿನ ಜಾಲರಿ, ತಗಡು,
ನಟ್ಟನಡುವೆ ನೀಲಿ ಬಾಗಿಲು, ಅದರ ಮೇಲೆ ೨೭.
ತಟ್ಟಿದೆ,
ಪಕ್ಕದಲ್ಲೇ ಎಮ್ಮೆ ನುಗ್ಗುವಷ್ಟು ಸಂದಿಯಿದ್ದರೂ.
"ಬಾ ಒಳಗೆ" ಅಂದಳು ಝುಲ್ಮೀರಾ,
"ಮನೆ ಕೆಡವಿದರು. ಬಾಗಿಲು ನಾನು ಹೊತ್ತು ತಂದೆ."

ಕೇಪ್ ವರ್ಡ್ ದ್ವೀಪದವಳು,
ಮೋಡ ಕಂಡರೆ ಕೆಲಸ ಬಿಟ್ಟು ನಿಲ್ಲುವವಳು.
ಗುಣಿಗೆ ನಾಲ್ಕು ಜೋಳ, ಎರಡು ಅಲಸಂದೆ,
ನನ್ನ ಅಂಗೈಯಲ್ಲಿ ಎಣಿಸಿಟ್ಟಳು.
ನಾಲ್ಕೇಕೆ?
"ಒಂದೇ ಹಾಕಿ ನೋಡು.
ಒಂಟಿ ಜೋಳಕ್ಕೆ ಗಾಳಿ ಮೈಮೇಲೆ ಬರುತ್ತದೆ."

ಹಟಕ್ಕೆ ಒಂದೊಂದೇ ಹಾಕಿದೆ, ಹಳಿ ಎಳೆದಂತೆ ನೆಟ್ಟಗೆ.
ವೇಳಾಪಟ್ಟಿಯ ಮನುಷ್ಯ:
ಬೆಳಿಗ್ಗೆ ಆರು ಹನ್ನೆರಡಕ್ಕೆ ನೀರು,
ಸಂಜೆ ಏಳು ನಲವತ್ತಕ್ಕೆ ನೀರು.
ನನ್ನ ಜೋಳ ಎಲ್ಲರಿಗಿಂತ ಮೊದಲು ಮೊಣಕಾಲು ದಾಟಿತು,
ಎಲ್ಲರಿಗಿಂತ ಮೊದಲು ಸೊಂಟ ದಾಟಿತು,
ಜುಲೈ ಗಾಳಿಗೆ ಎಲ್ಲರಿಗಿಂತ ಮೊದಲು ಮಲಗಿತು.
ಝುಲ್ಮೀರಾ ಒಂದನ್ನು ಕಿತ್ತು ಬೇರು ತೋರಿಸಿದಳು,
ಅಂಗೈಯಗಲ, ಮೇಲೆ ಮೇಲೆ, ಮಗುವಿನ ಕೂದಲಿನಂತೆ.
"ಮುದ್ದು ಮಾಡಿದ್ದೀಯ.
ಕೆಳಗಿಳಿಯುವ ದರ್ದು ಇದಕ್ಕೇನಿತ್ತು?"

ಆಮೇಲೆ ಕಲಿತದ್ದು ಬಹಳ, ಕ್ರಮವಾಗಿ ಏನಲ್ಲ.
ಸೊಪ್ಪು ತೊಳೆದ ನೀರು ಕೆಸುವಿಗೆ.
ಉದುರಿದ ಎಲೆ ಕಸವಲ್ಲ, ಹೊದಿಕೆ.
ಮೊಲ್ದೊವಾದ ವೆರೊನಿಕಾ
ಗೊಬ್ಬರದ ರಾಶಿಯೊಳಗೆ ತೋಳು ಇಳಿಸಿ ಜ್ವರ ನೋಡುತ್ತಾಳೆ,
"ಇವತ್ತು ಕೆದಕಬೇಡಿ, ಬೇಯುತ್ತಿದೆ" ಎನ್ನುತ್ತಾಳೆ;
ಅವಳು ಹೇಳುವ ತನಕ ಯಾರೂ ಗುದ್ದಲಿ ಮುಟ್ಟುವುದಿಲ್ಲ.
ಕ್ರಿಸೋಸ್ತೊಮೊನ ನೀರಿನ ಕೊಳವೆ ಮಂಗಳವಾರ ನನ್ನದು;
ಮಂಗಳವಾರ ಅವನ ಕುಂಬಳ ಬಾಡಿದರೆ
ಅದೂ ನನ್ನದೇ.
ಅಂಗಡಿಯಲ್ಲಿ ಜನವರಿಯ ಟೊಮೆಟೊ ಕಂಡರೆ ಈಗ
ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ನೋಡಿದಂತೆ ನೋಡುತ್ತೇನೆ:
ಎಲ್ಲಿ ಹತ್ತಿದೆಯಪ್ಪ ನೀನು?

ಬೇಲಿಯುದ್ದಕ್ಕೂ ಅವಳ ತೊಗರಿ.
ಈ ಚಳಿಗೆ ನಾಲ್ಕು ವರ್ಷ ಬರೀ ಎಲೆ.
ಐದನೆಯ ವರ್ಷ ಒಂದೇ ಗಿಡ, ಹನ್ನೊಂದು ಕಾಯಿ.
ಬಾಯಿಗೆ ಒಂದು ಕಾಳೂ ಹಾಕಲಿಲ್ಲ.
ರಕ್ತದೊತ್ತಡದ ಮಾತ್ರೆಯ ಡಬ್ಬಿ ಖಾಲಿ ಮಾಡಿ ತುಂಬಿದಳು,
ಮೂರು ಮೂರು ಹಂಚಿದಳು.
ಕೊನೆಗೆ ನನಗೂ ಮೂರು.
ಆ ರಾತ್ರಿ ಎರಡು ಸಲ ಎದ್ದು
ಅಂಗಿಯ ಜೇಬು ಮುಟ್ಟಿ ನೋಡಿದೆ.

ಮಾರ್ಚಿನಲ್ಲಿ ಪುರಸಭೆಯವರು ಕೆಂಪು ಗೂಟ ಹೊಡೆದು ಹೋದರು.
ರಸ್ತೆಯೋ ಗೋಡೆಯೋ, ಬಾಯಿ ಬಿಡಲಿಲ್ಲ.
ನೀಲಿ ಬಾಗಿಲ ಮುಂದೆ ಸಭೆ ಸೇರಿ ಕೂಗಾಡಿದೆವು,
ಅರ್ಜಿ ಬರೆದೆವು, ನನ್ನ ಅಕ್ಷರ ದುಂಡಗೆಂದು ನನ್ನಿಂದಲೇ ಬರೆಸಿದರು.
ಝುಲ್ಮೀರಾ ಗೂಟ ಅಲುಗಿಸಿ ನೋಡಿದಳು.
"ಒಳ್ಳೇ ಮರ" ಅಂದಳು.
ಪ್ರತಿ ಗೂಟದ ಬುಡಕ್ಕೂ ಎರಡೆರಡು ಅಲಸಂದೆ ಊರಿದಳು.
ಜೂನ್ ಹೊತ್ತಿಗೆ ಕೆಂಪು ಎಲ್ಲೂ ಕಾಣದು.
ಅಳತೆಯ ಹುಡುಗ ಇನ್ನೂ ಬಂದಿಲ್ಲ. ಬಂದೇ ಬರುತ್ತಾನೆ.
ಬಂದರೆ ಕಾಯಿ ಬಿಡಿಸದೆ ಗೂಟ ಸಿಗದು, ಅಷ್ಟೇ.
ಅದಕ್ಕಿಂತ ದೊಡ್ಡ ಗೆಲುವು ಹೇಳಲು ನನ್ನಲ್ಲಿಲ್ಲ.

ದಿನವಿಡೀ ತಲೆಯ ಮೇಲೆ ರೈಲು.
ಗಾಜಿನ ಹಿಂದೆ ಹೊಸ ಚಾಲಕಿ, ಚಿಕ್ಕ ವಯಸ್ಸು,
ಕೆಲವೊಮ್ಮೆ ಸುಮ್ಮನೆ ಹಾರನ್ ಒತ್ತುತ್ತಾಳೆ.
ಅವಳಿಗೆ ಕಾಣುವುದು ನಾಲ್ಕು ಸೆಕೆಂಡು:
ಬಗ್ಗಿದ ಒಬ್ಬ ಮುದುಕ.
ನಾಳೆಯೂ ಬಗ್ಗಿದ ಅದೇ ಮುದುಕ.
ಕೈ ಬೀಸಬಹುದು ನಾನು,
ಆದರೆ ಇವತ್ತು ಮಂಗಳವಾರ,
ಕ್ರಿಸೋಸ್ತೊಮೊನ ಕುಂಬಳ ಬಾಡಿದೆ.